ಅಗ್ಗದ ಪ್ರವಾಸಕ್ಕೆ ಯಾರು ಬೆಲೆ ತೆರುತ್ತಾರೆ?

ಕಳೆದ ವರ್ಷ ಜೂನ್ ತಿಂಗಳ ಒಂದು ಭಾನುವಾರ ಅಕ್ಕ ಫೋನ್ ಮಾಡಿದಳು. "ನಿನಗೆ ಎಕ್ಸೆಲ್ ಬರುತ್ತಲ್ಲ ಕಣೇ, ಒಂದು ಲೆಕ್ಕ ಹಾಕಿಕೊಡು. ಮಕ್ಕಳನ್ನ ಪ್ಯಾರಿಸ್‌ ಹತ್ತಿರದ ಡಿಸ್ನಿಲ್ಯಾಂಡಿಗೆ ಕರ್ಕೊಂಡು ಹೋಗಬೇಕು. ಕಾರಲ್ಲೇ. ಆದಷ್ಟು ಅಗ್ಗದಲ್ಲಿ."

ಅಕ್ಕ ಇಂಗ್ಲೆಂಡಿನ ಲೆಸ್ಟರ್ ಊರಲ್ಲಿ ನರ್ಸ್. ಭಾವ ಅಲ್ಲೇ ಊರಾಚೆಯ ಗೋದಾಮೊಂದರಲ್ಲಿ ಕೆಲಸ ಮಾಡುತ್ತಾರೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ನಾನು ಅಲ್ಲಿಂದ ಎರಡು ಗಂಟೆ ದೂರದ ಊರಿನಲ್ಲಿ ಕಾರ್ಮಿಕ ಇತಿಹಾಸದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಐದೂ ಜನರದು ಭಾರತದ ಪಾಸ್‌ಪೋರ್ಟ್. ಇಷ್ಟು ಹೇಳಿದರೆ ಅರ್ಧ ಲೆಕ್ಕ ಹೇಳಿದಂತೆಯೇ.

ಲೆಕ್ಕ ಹಾಕಿಕೊಟ್ಟೆ. ಮೂವತ್ತೊಂದು ಸಾಲು ಆಯಿತು. ನಾಲ್ಕು ತಿಂಗಳು ಆ ಹಾಳೆಯ ಜೊತೆ ಗುದ್ದಾಡಿದ ಮೇಲೆ ನನಗೊಂದು ವಿಷಯ ಖಚಿತವಾಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ದುಡಿಯುವ ಕುಟುಂಬಗಳಿಗೆ 'ಅಗ್ಗದ ಪ್ರವಾಸ' ಎಂಬುದನ್ನು ಜಾಣತನದ ಪ್ರಶ್ನೆ ಎಂಬಂತೆ ಮಾರಲಾಗುತ್ತಿದೆ. ಬೇಗ ಬುಕ್ ಮಾಡಿ, ಬುತ್ತಿ ಕಟ್ಟಿಕೊಳ್ಳಿ, ರಾತ್ರಿ ಗಾಡಿ ಓಡಿಸಿ, ಎಲ್ಲ ಸರಿಹೋಗುತ್ತದೆ ಎಂಬ ಉಪದೇಶ. ಇದು ಸುಳ್ಳು. ಒಂದು ಕುಟುಂಬದ ರಜೆಯ ಬೆಲೆ ನಿರ್ಧಾರವಾಗುವುದು ಶಾಲೆಯ ಕ್ಯಾಲೆಂಡರಿನಲ್ಲಿ, ಗಡಿಯ ಕಿಟಕಿಯಲ್ಲಿ, ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ. ಅಲ್ಲಿ ಏರಿದ ಬೆಲೆಯನ್ನು ಮನೆಯವರು ತಮ್ಮ ನಿದ್ದೆ ಕೆಟ್ಟು ಇಳಿಸಿಕೊಳ್ಳುತ್ತಾರೆ. ಅದಕ್ಕೆ ನಾವು ಉಳಿತಾಯ ಎಂದು ಹೆಸರಿಟ್ಟಿದ್ದೇವೆ.

ಮೊದಲು ಕಾರಿನ ವಿಷಯ. ಕಾರಿನಲ್ಲಿ ದೇಶ ದಾಟುವುದೆಂದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಗಾಳಿಗೆ ಕೂದಲು ಬಿಟ್ಟುಕೊಂಡು ಹೋಗುವುದು ಎಂದುಕೊಂಡಿದ್ದರೆ ಮರೆತುಬಿಡಿ. ಲಂಡನ್ನಿನಿಂದ ಡಿಸ್ನಿಲ್ಯಾಂಡಿನ ಬಾಗಿಲಿಗೇ ಹೋಗುವ ನೇರ ರೈಲೊಂದು ಇತ್ತು. 2023ರಲ್ಲಿ ಅದು ನಿಂತುಹೋಯಿತು. ಈಗ ನಡುವೆ ರೈಲು ಬದಲಿಸಬೇಕು. ರೈಲಿನಲ್ಲಿ ತಲೆ ಎಣಿಸಿ ದುಡ್ಡು. ಸಮುದ್ರದಡಿಯ ಸುರಂಗದಲ್ಲಿ ಕಾರುಗಳನ್ನೇ ಹೊತ್ತೊಯ್ಯುವ ರೈಲಿನಲ್ಲಾದರೆ ಒಂದು ಕಾರಿಗೆ ಇಷ್ಟು ಎಂದು ದರ. ಒಳಗೆ ಇಬ್ಬರಿರಲಿ ಐವರಿರಲಿ ಒಂದೇ. ಫೋಕ್‌ಸ್ಟನ್‌ನಿಂದ ಕ್ಯಾಲೆಗೆ 35 ನಿಮಿಷ. ನಾಲ್ಕು ಜನರ ಮನೆ ಕಾರಿನಲ್ಲಿ ಹೊರಡುವುದಕ್ಕೆ ಇದೇ ಕಾರಣ. ಐದನೆಯ ಸೀಟು 'ಪುಕ್ಕಟೆ' ಉಳಿಯುತ್ತದಾದ್ದರಿಂದ ನನಗೂ ಜಾಗ ಸಿಕ್ಕಿತು.

ಲೆಸ್ಟರಿನಿಂದ ಫೋಕ್‌ಸ್ಟನ್ ಸುಮಾರು 270 ಕಿಲೋಮೀಟರ್. ಆ ಕಡೆ ಕ್ಯಾಲೆಯಿಂದ ಡಿಸ್ನಿಲ್ಯಾಂಡ್ ಇನ್ನೂ ಹತ್ತಿರ ಹತ್ತಿರ 300. ಫ್ರಾನ್ಸಿನ ಹೆದ್ದಾರಿಗೆ ಟೋಲ್ ಬೇರೆ. ಲಂಡನ್ನಿನ ಹೊರಗೆ ಡಾರ್ಟ್‌ಫರ್ಡ್ ಬಳಿ ಥೇಮ್ಸ್ ದಾಟುವುದಕ್ಕೆ ಹಗಲು ಶುಲ್ಕವಿದೆ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಇಲ್ಲ. ಸುರಂಗದ ರೈಲಿಗೂ ಅಪರಾತ್ರಿಯಲ್ಲಿ ದರ ಕಡಿಮೆ. ಹಾಗಾಗಿ ಭಾವ ಗೋದಾಮಿನ ಶಿಫ್ಟ್ ಮುಗಿಸಿ ಬಂದು, ಎರಡು ತಾಸು ಮಲಗಿ, ರಾತ್ರಿ ಹನ್ನೊಂದಕ್ಕೆ ಗಾಡಿ ತೆಗೆಯುವುದೆಂದು ತೀರ್ಮಾನವಾಯಿತು. ನನ್ನ ಹಾಳೆಯಲ್ಲಿ ಇದು ಹಸಿರು ಬಣ್ಣದ ಸಾಲು. ಉಳಿತಾಯ.

ಬುತ್ತಿಯ ವಿಷಯಕ್ಕೆ ಬಂದರೆ ಅಲ್ಲೂ ಗಡಿ. ಬ್ರಿಟನ್ನು ಯುರೋಪಿನ ಒಕ್ಕೂಟ ಬಿಟ್ಟ ಮೇಲೆ, 2021ರಿಂದ, ಅಲ್ಲಿಂದ ಯುರೋಪಿಗೆ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಆ ಜನವರಿಯಲ್ಲಿ ನೆದರ್ಲ್ಯಾಂಡ್ಸ್ ಗಡಿಯಲ್ಲಿ ಚಾಲಕರ ಹ್ಯಾಮ್ ಸ್ಯಾಂಡ್‌ವಿಚ್ ಕಿತ್ತುಕೊಂಡದ್ದು ದೊಡ್ಡ ಸುದ್ದಿಯಾಗಿತ್ತು. ನಮಗೆ ಹ್ಯಾಮ್ ಬೇಡ ಸರಿ, ಮೊಸರನ್ನ? ಅಕ್ಕ ಎರಡು ನಿಮಿಷ ಸುಮ್ಮನಿದ್ದು, "ಮೊಸರನ್ನವನ್ನ ಕಳ್ಳಸಾಗಣೆ ಮಾಡಿ ಸಿಕ್ಕಿಹಾಕಿಕೊಳ್ಳೋದು ಬೇಡ, ಪುಳಿಯೋಗರೆ ಮಾಡ್ತೀನಿ" ಎಂದಳು. ನಕ್ಕೆವು. ಆ ಸಾಲಿನಲ್ಲಿ ನಗುವಷ್ಟಾದರೂ ಇತ್ತು. ಮುಂದಿನದರಲ್ಲಿ ಇರಲಿಲ್ಲ.

ಪಕ್ಕದ ಮನೆಯವರು ಇಲ್ಲೇ ಹುಟ್ಟಿದವರು. ಅವರು ಪಾಸ್‌ಪೋರ್ಟ್ ಜೇಬಿಗೆ ಹಾಕಿಕೊಂಡು ಹೊರಡುತ್ತಾರೆ. ನಮಗೆ ಷೆಂಗೆನ್ ವೀಸಾ ಬೇಕು. ದೊಡ್ಡವರಿಗೆ ತಲಾ 90 ಯೂರೋ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45. ಅಕ್ಕನ ನಾಲ್ವರಿಗೆ 270, ನನ್ನದೂ ಸೇರಿದರೆ 360. ಮಧ್ಯದಲ್ಲಿ ಅರ್ಜಿ ತೆಗೆದುಕೊಳ್ಳುವ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇರೆ. ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಉಳಿಯುವ ಜಾಗದ ಬುಕಿಂಗ್, ಕೆಲಸದ ಕಡೆಯಿಂದ ರಜೆಯ ಪತ್ರ. ವೀಸಾ ಕೊಡದಿದ್ದರೆ ಶುಲ್ಕ ವಾಪಸಿಲ್ಲ. ಇದನ್ನೆಲ್ಲ ಕೊಡಲು ವಾರದ ದಿನವೇ ಇನ್ನೊಂದು ಊರಿಗೆ ಹೋಗಬೇಕು. ಅಂದರೆ ರಜೆಗೆ ಹೋಗುವುದಕ್ಕಾಗಿ ಒಂದು ರಜೆ.

ಡಿಸ್ನಿಲ್ಯಾಂಡಿಗೆ ಹೋಗುವ ಆರು ವರ್ಷದ ಹುಡುಗ ವಾಪಸು ಬರುತ್ತಾನೆ ಎಂಬುದಕ್ಕೆ ಪುರಾವೆ ಕೊಡಬೇಕು! ಅವನ ಸ್ಕೂಲ್ ಬ್ಯಾಗು, ಅವನ ಮೀನಿನ ತೊಟ್ಟಿ, ಅವನ ಅಮ್ಮನ ನೈಟ್ ಡ್ಯೂಟಿ ಎಲ್ಲ ಲೆಸ್ಟರಿನಲ್ಲಿರುವಾಗ ಅವನು ಎಲ್ಲಿಗೆ ಓಡಿಹೋಗುತ್ತಾನೆ? ಮಿತವ್ಯಯದ ಸಲಹೆ ಕೊಡುವವರ ಯಾವ ಪಟ್ಟಿಯಲ್ಲೂ ಈ ಸಾಲು ಇರುವುದಿಲ್ಲ. ಪಾಸ್‌ಪೋರ್ಟಿನ ಬಣ್ಣಕ್ಕೆ ಯಾವ ಕೂಪನ್ನೂ ಇಲ್ಲ.

ಇನ್ನು ಕ್ಯಾಲೆಂಡರ್. ಡಿಸ್ನಿಲ್ಯಾಂಡಿನ ಟಿಕೆಟ್ಟಿಗೆ ಒಂದೇ ದರ ಇಲ್ಲ, ತಾರೀಖಿನ ಮೇಲೆ ದರ. ಸುರಂಗದ ರೈಲಿಗೂ ಹಾಗೇ, ಹೋಟೆಲಿಗೂ ಹಾಗೇ. ಶಾಲೆಗೆ ರಜೆ ಇದ್ದ ದಿನ ಎಲ್ಲವೂ ಏರುತ್ತವೆ. ಶಾಲೆ ನಡೆಯುವಾಗ ಇಳಿಯುತ್ತವೆ. ಹಾಗಾದರೆ ನವೆಂಬರಿನಲ್ಲಿ ಐದು ದಿನ ಶಾಲೆ ತಪ್ಪಿಸಿ ಹೋಗಿಬಂದರೆ? ಹಿಂದೆ ಇಂಗ್ಲೆಂಡಿನಲ್ಲಿ ವಿಶೇಷ ಸಂದರ್ಭ ಎಂದು ಕಂಡರೆ ವರ್ಷಕ್ಕೆ ಹತ್ತು ದಿನದವರೆಗೆ ಕುಟುಂಬದ ಪ್ರವಾಸಕ್ಕೆ ಬಿಡುವು ಕೊಡುವ ಅಧಿಕಾರ ಮುಖ್ಯೋಪಾಧ್ಯಾಯರಿಗೆ ಇತ್ತು. 2013ರಲ್ಲಿ ಅದನ್ನು ತೆಗೆದುಹಾಕಿದರು. ಈಗ ಅನುಮತಿ ಇಲ್ಲದೆ ಐದು ದಿನ ತಪ್ಪಿಸಿದರೆ ದಂಡದ ನೋಟಿಸ್ ಬರಬಹುದು. 2024ರಿಂದ ಆ ದಂಡ ಒಂದು ಮಗುವಿಗೆ, ಒಬ್ಬ ಪೋಷಕರಿಗೆ 80 ಪೌಂಡ್. ಮೂರು ವಾರದೊಳಗೆ ಕಟ್ಟದಿದ್ದರೆ 160. ಇಬ್ಬರು ಮಕ್ಕಳು, ಇಬ್ಬರು ಪೋಷಕರು: 320 ಪೌಂಡ್.

ನನ್ನ ಹಾಳೆಯಲ್ಲಿ ಆಗಸ್ಟಿನ ವಾರಕ್ಕೂ ನವೆಂಬರಿನ ವಾರಕ್ಕೂ ಇದ್ದ ವ್ಯತ್ಯಾಸ ಈ ದಂಡಕ್ಕಿಂತ ಹೆಚ್ಚಿತ್ತು. ದಂಡ ಕಟ್ಟಿಯೂ ದುಡ್ಡು ಉಳಿಯುತ್ತಿತ್ತು. ಅನೇಕ ಮನೆಗಳು ಹೀಗೇ ಲೆಕ್ಕ ಹಾಕುತ್ತವೆ, ದಂಡವನ್ನು ಟಿಕೆಟ್ಟಿನ ಜೊತೆಗೇ ಸೇರಿಸಿಕೊಳ್ಳುತ್ತವೆ. ಅಂದರೆ ಕಾನೂನು ಇಲ್ಲಿ ಯಾರನ್ನು ತಡೆಯುತ್ತಿದೆ? ಉಳ್ಳವರಿಗೆ ಅದೊಂದು ಶುಲ್ಕ. ಇಲ್ಲದವರಿಗೆ ಮಾತ್ರ ಶಿಕ್ಷೆ.

ಜಾನ್ ಪ್ಲ್ಯಾಟ್ ಎಂಬ ತಂದೆಯ ಕತೆ ಇಲ್ಲಿ ಎಲ್ಲರಿಗೂ ಗೊತ್ತು. 2015ರ ಏಪ್ರಿಲ್‌ನಲ್ಲಿ ಆತ ಮಗಳನ್ನು ಏಳು ಶಾಲಾದಿನ ತಪ್ಪಿಸಿ ಫ್ಲೋರಿಡಾಕ್ಕೆ ಕರೆದೊಯ್ದ. ಡಿಸ್ನಿ ವರ್ಲ್ಡ್ ನೋಡುವ ಪ್ರವಾಸವೇ ಅದು. ದಂಡ ಕಟ್ಟಲು ಒಪ್ಪಲಿಲ್ಲ. ಮಗಳ ಹಾಜರಾತಿ ಶೇಕಡಾ 90ಕ್ಕೂ ಮೇಲಿತ್ತು, ಕಾನೂನು ಕೇಳುವುದು 'ಕ್ರಮವಾಗಿ' ಬರಬೇಕೆಂದು ಮಾತ್ರ, ಬರುತ್ತಿದ್ದಾಳಲ್ಲ ಎಂಬುದು ಆತನ ವಾದ. ಕೆಳಗಿನ ಕೋರ್ಟುಗಳು ಆತನ ಪರ ನಿಂತವು. 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ತಿರುಗಿಸಿತು. 'ಕ್ರಮವಾಗಿ' ಎಂದರೆ ಶಾಲೆಯ ನಿಯಮಕ್ಕೆ ಅನುಸಾರವಾಗಿ ಎಂದಿತು. ಪ್ಲ್ಯಾಟ್ ಸ್ವಂತ ವ್ಯಾಪಾರ ಇದ್ದ ಮನುಷ್ಯ, ಸೋತರೂ ಅಲ್ಲಿಯವರೆಗೆ ಹೋರಾಡಬಲ್ಲವನಾಗಿದ್ದ. ವೀಸಾದ ಮೇಲೆ ದುಡಿಯುವ ಅಕ್ಕನಿಗೆ ನೋಟಿಸ್ ಎಂಬ ಪದ ಕೇಳಿದರೇ ಎದೆ ಹಾರುತ್ತದೆ. ದಂಡ ಕಟ್ಟಿದರೆ ಅದು ಅಲ್ಲಿಗೆ ಮುಗಿಯುತ್ತದೆ, ಅಪರಾಧದ ದಾಖಲೆ ಆಗುವುದಿಲ್ಲ ಎಂದು ನಾನು ಓದಿ ಹೇಳಿದೆ. "ನಿನಗೇನು ಕಣೇ, ಓದಿಬಿಡ್ತೀಯ. ನಾಳೆ ವೀಸಾ ನವೀಕರಣದ ಫಾರಮ್ಮಲ್ಲಿ ಯಾವುದಾದರೂ ಚೌಕಕ್ಕೆ ಟಿಕ್ ಹಾಕಬೇಕಾಗಿ ಬಂದರೆ?" ಎಂದಳು.

ಇನ್ನೊಂದು ದಾರಿ ಎಲ್ಲರಿಗೂ ಗೊತ್ತಿರುವುದೇ. ಮಕ್ಕಳಿಗೆ ಹೊಟ್ಟೆನೋವು ಎಂದು ಶಾಲೆಗೆ ಫೋನ್ ಮಾಡುವುದು. ಅದಕ್ಕೂ ಅಕ್ಕ ಒಪ್ಪಲಿಲ್ಲ. ವಾಪಸು ಬಂದ ಮೇಲೆ ಮಗ ಮಿಕ್ಕಿ ಮೌಸ್ ನೋಡಿದ್ದನ್ನು ಯಾರಿಗೂ ಹೇಳಬಾರದು ಎಂದು ಅವನಿಗೆ ಕಲಿಸಬೇಕಲ್ಲ. "ಆರು ವರ್ಷದವನ ಕೈಲಿ ಸುಳ್ಳು ಹೇಳಿಸಿ ಯಾವ ಖುಷಿ ಕೊಡ್ತೀವಿ?" ಎಂದಳು. ಈ ಪ್ರಶ್ನೆಗೆ ನನ್ನ ಹಾಳೆಯಲ್ಲಿ ಸಾಲಿರಲಿಲ್ಲ.

ಈಗ ನಮ್ಮ ಕಡೆಯ ಆಕ್ಷೇಪಗಳಿಗೆ ಬರುತ್ತೇನೆ. ಬೆಂಗಳೂರಿನ ಗೆಳೆಯರೊಬ್ಬರಿಗೆ ಇದನ್ನು ಹೇಳಿದಾಗ ಅವರು ಮೂಗು ಮುರಿದರು. ಪ್ಯಾರಿಸ್‌ವರೆಗೆ ಹೋಗಿ ಲೂವ್ರ್ ಬಿಟ್ಟು ಆ ಪ್ಲಾಸ್ಟಿಕ್ ಅರಮನೆಯೇ? ಬಂಡವಾಳಶಾಹಿಯ ಬಾಗಿಲಿಗೆ ನಾವಾಗಿಯೇ ಹೋಗಿ ನಿಲ್ಲುವುದೇ? ಈ ತಿರಸ್ಕಾರ ಹೊಸದಲ್ಲ. 1992ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಪೂರ್ವಕ್ಕೆ 32 ಕಿಲೋಮೀಟರ್ ದೂರದಲ್ಲಿ, ಬೀಟ್ ಗೆಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲಿ ಡಿಸ್ನಿಲ್ಯಾಂಡ್ ಎದ್ದಾಗ ಫ್ರೆಂಚ್ ಬುದ್ಧಿಜೀವಿಗಳು ಕೆಂಡವಾಗಿದ್ದರು. ರಂಗನಿರ್ದೇಶಕಿ ಆರಿಯಾನ್ ಮ್ನೂಷ್ಕಿನ್ ಅದನ್ನು 'ಸಾಂಸ್ಕೃತಿಕ ಚೆರ್ನೋಬಿಲ್' ಎಂದು ಕರೆದದ್ದು ಇವತ್ತಿಗೂ ಪ್ರಸಿದ್ಧ. ಆ ವರ್ಷ ಜೂನ್‌ನಲ್ಲಿ ರೈತರು ಟ್ರ್ಯಾಕ್ಟರ್ ತಂದು ಬಾಗಿಲು ಅಡ್ಡಗಟ್ಟಿದರು. ಅಮೆರಿಕದ ಕೃಷಿ ನೀತಿಯ ಮೇಲಿನ ಸಿಟ್ಟು ಅದು.

ರೈತರ ಸಿಟ್ಟು ನನಗೆ ಅರ್ಥವಾಗುತ್ತದೆ. ಅವರದು ಹೊಟ್ಟೆಪಾಡಿನ ಜಗಳ. ಗೆಳೆಯರ ತಿರಸ್ಕಾರ ಅರ್ಥವಾಗುವುದಿಲ್ಲ. ಕಂಪನಿಯನ್ನು ಟೀಕಿಸಬೇಕು ಸರಿ, ಅಲ್ಲಿಗೆ ಹೋಗುವ ನರ್ಸ್‌ನ ಮಗುವನ್ನು ಯಾಕೆ? ಉಳ್ಳವರ ಮಕ್ಕಳು ಡಿಸ್ನಿಲ್ಯಾಂಡಿಗೆ ಹೋದಾಗ 'ಎಷ್ಟು ಚೆಂದ' ಎನ್ನುತ್ತೇವೆ. ಇಲ್ಲದವರು ಕೂಡಿಟ್ಟು ಹೋದಾಗ ಮಾತ್ರ 'ಇದು ಬೇಕಿತ್ತಾ' ಎಂಬ ಪ್ರಶ್ನೆ. ಬೇಕು ಎಂದು ಕೇಳಿದ್ದು ಒಂಬತ್ತು ವರ್ಷದ ಹುಡುಗಿ. ಅವಳ ತರಗತಿಯಲ್ಲಿ ಹೋಗಿಬಂದವರು ಇದ್ದಾರೆ. ಅವರ ಮಾತಿನ ನಡುವೆ ತಾನೂ ಕೂರಬೇಕು ಎಂಬುದು ಅವಳ ಆಸೆ. ಆ ಆಸೆಗೆ ಸಾಂಸ್ಕೃತಿಕ ಪರೀಕ್ಷೆ ಇಡುವ ಹಕ್ಕು ನನಗಂತೂ ಇಲ್ಲ.

ಎರಡನೆಯ ಆಕ್ಷೇಪ ಗಂಭೀರವಾದದ್ದು. ಶಾಲೆ ತಪ್ಪಿಸಿದರೆ ಓದು ಹಿಂದೆ ಬೀಳುತ್ತದೆ, ಬಿಟ್ಟುಹೋದ ಪಾಠವನ್ನು ಮತ್ತೆ ಹೇಳಿಕೊಡುವ ಹೊರೆ ಟೀಚರಿನ ಮೇಲೆ ಬೀಳುತ್ತದೆ. ಇದನ್ನು ನಾನು ಒಪ್ಪುತ್ತೇನೆ. ಕೋವಿಡ್ ನಂತರ ಇಲ್ಲಿ ಶಾಲೆ ತಪ್ಪಿಸುವುದು ಹೆಚ್ಚಾಗಿದೆ, ಅದರ ಆತಂಕ ನಿಜವಾದದ್ದು. ಯಾರು ಬೇಕಾದರೂ ಯಾವಾಗ ಬೇಕಾದರೂ ಹೋಗಲಿ ಎನ್ನುವುದು ನನ್ನ ವಾದವಲ್ಲ. ರಜೆ ಯಾವಾಗ ಎಂದು ಸರ್ಕಾರ ಗೊತ್ತುಮಾಡುತ್ತದೆ, ಆ ರಜೆಯ ಬೆಲೆ ಎಷ್ಟು ಎಂದು ಮಾರುಕಟ್ಟೆ ಗೊತ್ತುಮಾಡುತ್ತದೆ, ಇಬ್ಬರ ನಡುವೆ ಸಿಕ್ಕಿಕೊಂಡವರಿಗೆ ದಂಡ ಎನ್ನುವುದು ಯಾವ ನ್ಯಾಯ ಎಂಬುದಷ್ಟೇ ನನ್ನ ತಕರಾರು.

ಬೇರೆ ಥರ ಮಾಡಬಹುದು. ಅದಕ್ಕೆ ಪುರಾವೆ ಅಕ್ಕನ ಊರಿನಲ್ಲೇ ಇದೆ. ಲೆಸ್ಟರ್ ಒಂದು ಕಾಲಕ್ಕೆ ಕಾಲುಚೀಲ, ಬನಿಯನ್ ಹೆಣೆಯುವ ಹೊಸಿಯರಿ ಮಿಲ್ಲುಗಳ, ಬೂಟಿನ ಕಾರ್ಖಾನೆಗಳ ಊರು. ಜುಲೈ ತಿಂಗಳಲ್ಲಿ ಎರಡು ವಾರ ಇಡೀ ಊರಿನ ಕಾರ್ಖಾನೆಗಳು ಒಟ್ಟಿಗೆ ಬಾಗಿಲು ಹಾಕುತ್ತಿದ್ದವು. ಅದಕ್ಕೆ 'ಲೆಸ್ಟರ್ ಫೋರ್ಟ್‌ನೈಟ್' ಎಂದೇ ಹೆಸರು. ಅಪ್ಪ ಅಮ್ಮ ಇಬ್ಬರಿಗೂ ರಜೆ ಇರುವಾಗಲೇ ಮಕ್ಕಳಿಗೂ ಇರಲಿ ಎಂದು ಶಾಲೆಗಳು ತಮ್ಮ ಬೇಸಿಗೆ ರಜೆಯನ್ನು ಬೇಗ ಶುರು ಮಾಡಿದವು. ಮಿಲ್ಲುಗಳು ಹೆಚ್ಚುಕಡಿಮೆ ಎಲ್ಲ ಹೋದವು, ಕ್ಯಾಲೆಂಡರ್ ಉಳಿಯಿತು. ಇವತ್ತಿಗೂ ಲೆಸ್ಟರಿನ ಶಾಲೆಗಳು ಉಳಿದ ಇಂಗ್ಲೆಂಡಿಗಿಂತ ಮುಂಚೆ ಮುಚ್ಚಿ ಮುಂಚೆ ತೆರೆಯುತ್ತವೆ. ಅಕ್ಟೋಬರಿನ ಹಾಫ್ ಟರ್ಮ್ ರಜೆಯೂ ಸಾಮಾನ್ಯವಾಗಿ ಮುಂಚೆಯೇ ಬರುತ್ತದೆ. ಆ ಒಂದು ವಾರ ಇಂಗ್ಲೆಂಡಿನ ಬಹುಪಾಲು ಮಕ್ಕಳು ತರಗತಿಯಲ್ಲಿರುತ್ತಾರೆ. ನನ್ನ ಹಾಳೆಯಲ್ಲಿ ಆ ವಾರಕ್ಕೂ ಮುಂದಿನ ವಾರಗಳಿಗೂ ಇದ್ದ ಅಂತರ ಅಕ್ಕನ ಮನೆಯ ವೀಸಾ ಖರ್ಚನ್ನು ತುಂಬಿಕೊಡುವಷ್ಟಿತ್ತು. ಬೂಟು ಹೊಲಿಯುತ್ತಿದ್ದವರು, ಕಾಲುಚೀಲ ಹೆಣೆಯುತ್ತಿದ್ದವರು ಬಿಟ್ಟುಹೋದ ಕ್ಯಾಲೆಂಡರು ಹಾಸನದಿಂದ ಬಂದ ನರ್ಸ್ ಒಬ್ಬಳಿಗೆ ಮಾಡಿದ ಉಪಕಾರ ಇದು. ಯಾವ ಕೂಪನ್ನೂ ಇಷ್ಟು ಮಾಡಿಲ್ಲ.

ನಾವು ಹೊರಟಿದ್ದ ಫ್ರಾನ್ಸಿಗೂ ಈ ಪಾಠ ಗೊತ್ತು. 1936ರಲ್ಲಿ ಅಲ್ಲಿ ಕಾರ್ಮಿಕರು ಕಾರ್ಖಾನೆಗಳಲ್ಲೇ ಕೂತು ಮುಷ್ಕರ ಹೂಡಿದ ಬೇಸಿಗೆಯಲ್ಲಿ ಎರಡು ವಾರದ ಸಂಬಳ ಸಹಿತ ರಜೆ ಕಾನೂನಾಯಿತು. ಬರೀ ರಜೆ ಕೊಟ್ಟರೆ ಆಗುವುದಿಲ್ಲ, ಹೋಗಿಬರುವ ಶಕ್ತಿಯೂ ಬೇಕು ಎಂದು ಆಗಿನ ಮಂತ್ರಿ ಲೆಯೋ ಲಾಗ್ರಾಂಜ್ ಕಾರ್ಮಿಕ ಕುಟುಂಬಗಳಿಗೆ ರೈಲಿನಲ್ಲಿ ಶೇಕಡಾ 40 ರಿಯಾಯಿತಿ ಕೊಡಿಸಿದರು. ಇವತ್ತಿಗೂ ಅಲ್ಲಿ ಚಳಿಗಾಲದ ಮತ್ತು ವಸಂತದ ಶಾಲಾ ರಜೆಗಳನ್ನು ದೇಶವನ್ನು ಮೂರು ವಲಯ ಮಾಡಿ ಬೇರೆ ಬೇರೆ ವಾರ ಕೊಡುತ್ತಾರೆ, ಎಲ್ಲರೂ ಒಂದೇ ದಿನ ರಸ್ತೆಗೆ ಇಳಿಯದಿರಲಿ ಎಂದು. ಇದೇನು ರಾಕೆಟ್ ವಿಜ್ಞಾನವಲ್ಲ. ಇಂಗ್ಲೆಂಡಿನಲ್ಲಿ ರಜೆಗಳನ್ನು ಹೀಗೆ ಹಂಚಬಹುದು, ವರ್ಷಕ್ಕೆ ಕೆಲವು ದಿನ ಬಿಡುವ ಅಧಿಕಾರವನ್ನು ಮುಖ್ಯೋಪಾಧ್ಯಾಯರಿಗೆ ವಾಪಸು ಕೊಡಬಹುದು. ಕಾನೂನುಬದ್ಧವಾಗಿ ಇಲ್ಲಿ ನೆಲೆಸಿ ದುಡಿಯುವವರ ಮಕ್ಕಳಿಗೆ ಯುರೋಪಿನ ವೀಸಾ ಶುಲ್ಕ ಬಿಡಬಹುದು, ಆರು ತುಂಬದವರಿಗೆ ಈಗಾಗಲೇ ಬಿಟ್ಟಿದ್ದಾರೆ, ಹನ್ನೆರಡರವರೆಗೆ ಯಾಕಾಗದು?

ನಮ್ಮ ಅಪ್ಪ ಹಾಸನದ ಹತ್ತಿರದ ಹಳ್ಳಿಯೊಂದರ ಸೊಸೈಟಿಯಲ್ಲಿ ಗುಮಾಸ್ತರಾಗಿದ್ದರು. ದಸರೆಗೆ ಒಮ್ಮೆ ನಮ್ಮನ್ನು ಕೆಂಪು ಬಸ್ಸಿನಲ್ಲಿ ಮೈಸೂರಿಗೆ ಕರೆದೊಯ್ದಿದ್ದರು. ಎರಡು ಡಬ್ಬಿ ಚಿತ್ರಾನ್ನ, ನೆಂಟರ ಮನೆಯ ಪಡಸಾಲೆ, ದೀಪದ ಅರಮನೆ, ವಸ್ತುಪ್ರದರ್ಶನದಲ್ಲಿ ಹಪ್ಪಳ. ಅಪ್ಪನ ಹತ್ತಿರ ಇದ್ದ ದುಡ್ಡು ಎಷ್ಟೆಂದು ಈಗ ನನಗೆ ಗೊತ್ತು, ಅದು ತೀರಾ ಕಡಿಮೆ. ಆದರೂ ಅವರು ಯಾವ ಅರ್ಜಿಯನ್ನೂ ತುಂಬಲಿಲ್ಲ, ಯಾರ ಹತ್ತಿರವೂ ಸುಳ್ಳು ಹೇಳಲಿಲ್ಲ. ಹಬ್ಬಕ್ಕೆ ಶಾಲೆಗೇ ರಜೆ ಇತ್ತು, ಸರ್ಕಾರಿ ಬಸ್ಸಿನ ದರ ದಸರೆ ಎಂದು ನಮ್ಮ ಪಾಲಿಗೆ ಏರಿರಲಿಲ್ಲ. ಆ ಕಾಲ ಚಿನ್ನದಂಥದ್ದು ಎಂದು ನಾನು ಹೇಳುತ್ತಿಲ್ಲ. ಅಪ್ಪನ ಜಾಣತನವೂ ಅಲ್ಲ ಅದು. ಅವರ ಬೆನ್ನಿಗೆ ಒಂದು ಏರ್ಪಾಡು ಇತ್ತು, ಅಷ್ಟೇ.

ಲೆಸ್ಟರಿನ ಆ ಅಗ್ಗದ ವಾರ ನಮಗೆ ಸುಲಭಕ್ಕೆ ಸಿಗಲಿಲ್ಲ. ವಾರ್ಡಿನಲ್ಲಿ ಮಕ್ಕಳಿರುವ ನರ್ಸುಗಳೆಲ್ಲ ಅದೇ ವಾರ ಕೇಳಿದ್ದರು. ಅಕ್ಕನ ಅರ್ಜಿ ವಾಪಸು ಬಂತು. ಕೊನೆಗೆ ಮಕ್ಕಳಿಲ್ಲದ ಸಹೋದ್ಯೋಗಿಯೊಬ್ಬಳು ತನ್ನ ರಜೆ ಬಿಟ್ಟುಕೊಟ್ಟಳು. ಬದಲಿಗೆ ಅಕ್ಕ ಅವಳ ಆರು ನೈಟ್ ಡ್ಯೂಟಿ ಮಾಡಿಕೊಡಬೇಕು. ಮೂವತ್ತೊಂದು ಸಾಲಿನ ನನ್ನ ಹಾಳೆಯಲ್ಲಿ ಆ ಆರು ರಾತ್ರಿ ಎಲ್ಲೂ ಇರಲಿಲ್ಲ. ನಾನೇ ಸೇರಿಸಲು ಹೋದಾಗ, "ಅದನ್ನೆಲ್ಲ ಯಾಕೆ ಹಾಕ್ತೀಯ, ಅದಕ್ಕೇನು ದುಡ್ಡು ಕೊಡಬೇಕಾ?" ಎಂದಳು.

ಹೋದೆವು. ಫೋಕ್‌ಸ್ಟನ್‌ನಲ್ಲಿ ಇಂಗ್ಲೆಂಡಿನ ನೆಲದ ಮೇಲೆಯೇ ಕೂತಿರುವ ಫ್ರೆಂಚ್ ಪೊಲೀಸರು ಐದು ಪಾಸ್‌ಪೋರ್ಟ್ ತಿರುವಿ ಹಾಕಿ ಮುದ್ರೆ ಒತ್ತಿದರು. ಮಗ ಮುದ್ರೆಯ ಸದ್ದಿಗೆ ಎದ್ದು, ಬಂತಾ ಎಂದು ಕೇಳಿ ಮತ್ತೆ ಮಲಗಿದ. ಆ ಕಡೆ ಬಲಕ್ಕೆ ಗಾಡಿ ಓಡಿಸಬೇಕು. ಭಾವ ಮೊದಲ ಅರ್ಧ ಗಂಟೆ ಮಾತೇ ಆಡಲಿಲ್ಲ. ಬೆಳಗಿನ ಜಾವ ಹೆದ್ದಾರಿಯ ಪಕ್ಕ ನಿಲ್ಲಿಸಿ, ಚಳಿಯಲ್ಲಿ ಪುಳಿಯೋಗರೆ ತಿಂದೆವು.

ಒಳಗೆ ಎಲ್ಲರೂ ಸಮ ಎಂದುಕೊಂಡಿದ್ದೆ. ಹಿಂದೆ ಅಲ್ಲಿ ಟಿಕೆಟ್ ಇದ್ದವರೆಲ್ಲ ಪುಕ್ಕಟೆಯಾಗಿ ಸಮಯ ಕಾಯ್ದಿರಿಸಿ ಸಾಲು ತಪ್ಪಿಸಿಕೊಳ್ಳುವ ಚೀಟಿ ಇತ್ತು. 2021ರಿಂದ ಅದರ ಬದಲಿಗೆ, ಸಾಲು ತಪ್ಪಿಸಲು ಹೆಚ್ಚಿನ ದುಡ್ಡು ಕೊಡಬೇಕು. ನಮ್ಮ ಪಕ್ಕದ ದಾರಿಯಲ್ಲಿ ಒಂದು ಮನೆಯವರು ನಿಲ್ಲದೆ ನಡೆದು ಹೋದರು. ಮಗಳು ಕೇಳಿದಳು, "ಚಿಕ್ಕಮ್ಮ, ಅವರು ಯಾಕೆ ಸಾಲಲ್ಲಿ ನಿಲ್ಲಲ್ಲ?" ನಿಜವನ್ನೇ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, "ಅಮ್ಮ ಅಷ್ಟು ಹೊತ್ತು ನಿಂತಿದ್ದಾಳೆ, ಅವಳಿಗೆ ಕಾಲು ನೋಯುತ್ತೆ" ಎಂದಳು. ಆಮೇಲೆ ಸಾಲು ಮುಂದೆ ಸರಿಯಿತು, ಅವರಿಬ್ಬರೂ ಕಿರುಚಿಕೊಂಡು ಸವಾರಿ ಹತ್ತಿದರು. ಅವರ ಖುಷಿಯಲ್ಲಿ ಯಾವ ಸುಳ್ಳೂ ಇರಲಿಲ್ಲ. ಅದಕ್ಕಾಗಿಯೇ ನನಗೆ ಸಿಟ್ಟು. ಇಷ್ಟು ನಿಜವಾದ ಖುಷಿಯನ್ನು ಮಕ್ಕಳಿಗೆ ಕೊಡಲು ಅಮ್ಮಂದಿರು ಕದ್ದು ಮುಚ್ಚಿ, ನಿದ್ದೆ ಅಡವಿಟ್ಟು, ಅದನ್ನು ಲೆಕ್ಕಕ್ಕೂ ಹಾಕಬೇಡ ಎನ್ನಬೇಕಾಗಿ ಬಂದಿದೆಯಲ್ಲ.

ಹೋಗಿಬಂದ ಮೇಲೆ ಅಕ್ಕನ ಪರಿಚಯದ ಮೂರು ಕನ್ನಡದ ಮನೆಯವರು ನನ್ನ ಹಾಳೆ ಕೇಳಿದ್ದಾರೆ. ಎಲ್ಲರಿಗೂ ಕಳಿಸಿದ್ದೇನೆ. ಕಳಿಸುವ ಮುಂಚೆ ಮೂವತ್ತೆರಡನೆಯ ಸಾಲೊಂದನ್ನು ಸೇರಿಸಿದೆ: ನೈಟ್ ಡ್ಯೂಟಿ, ಆರು. ಅದರಲ್ಲಿ ಅಕ್ಕನಿಗೆ ಇನ್ನೂ ಎರಡು ಬಾಕಿ ಇದೆ.